ಬಿದ್ದ ಪಾಳು, ಬಿಟ್ಟ ಪಾಳು

ಬಿತ್ತನೆಯಿಲ್ಲದೆ ಬರಿದಾಗಿರುವ ಹೊಲವೊಂದರ ಬಗ್ಗೆ ಕನ್ನಡದಲ್ಲಿ ಎರಡು ರೀತಿ ಹೇಳಬಹುದು. ‘ಹೊಲ ಪಾಳು ಬಿತ್ತು’ ಎಂದರೆ ಅದು ತಾನಾಗಿ ಆದದ್ದು. ಮಳೆ ಕೈಕೊಟ್ಟಿರಬಹುದು, ದುಡಿಯುವವರು ಮನೆಯಲ್ಲಿ ಇಲ್ಲದಿರಬಹುದು. ‘ಹೊಲ ಪಾಳು ಬಿಟ್ಟರು’ ಎಂದಾಗ ಬಿಟ್ಟವರು ಯಾರು, ಯಾಕೆ ಬಿಟ್ಟರು ಎಂಬ ಪ್ರಶ್ನೆ ಆ ವಾಕ್ಯದ ಬೆನ್ನಿಗೇ ಬರುತ್ತದೆ. ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಚಾರಿಟಿ ಆಸ್ಪತ್ರೆಯ ಬಗ್ಗೆ ಬಂದಿರುವ ಪುಸ್ತಕ, ಸಾಕ್ಷ್ಯಚಿತ್ರ, ವರದಿಗಳನ್ನು ಒಟ್ಟಿಗೆ ಇಟ್ಟುಕೊಂಡು ನೋಡಿದರೆ ಈ ಎರಡು ಕ್ರಿಯಾಪದಗಳ ನಡುವಿನ ಅಂತರವೇ ಮತ್ತೆ ಮತ್ತೆ ಎದುರಾಗುತ್ತದೆ. 2005ರ ಆಗಸ್ಟ್ 29ರಂದು ಕತ್ರಿನಾ ಚಂಡಮಾರುತ ಅಪ್ಪಳಿಸಿತು, ಒಡ್ಡುಗಳು ಒಡೆದು ನಗರದ ಸುಮಾರು ಶೇ. 80 ಭಾಗ ನೀರಿನಲ್ಲಿ ಮುಳುಗಿತು, ಆಸ್ಪತ್ರೆ ಮುಚ್ಚಿತು. ಹೀಗೆ ಸಾಲಾಗಿ ಹೇಳಿದಾಗ ಮೂರನೆಯ ಮಾತು ಮೊದಲೆರಡರ ಫಲದಂತೆ ಕೇಳಿಸುತ್ತದೆ. ಅದು ನಿಜವೇ ಎಂಬುದೇ ಈ ಲೇಖನದ ಪ್ರಶ್ನೆ. ನಿಜವಲ್ಲದಿದ್ದರೆ, ಆಸ್ಪತ್ರೆಯ ಕಥೆ ಹೇಳಿದವರು ಅದನ್ನು ಹೇಗೆ ಹೇಳಿದರು ಎಂಬುದು ಎರಡನೆಯ ಪ್ರಶ್ನೆ.

ಮೊದಲು ಆಸ್ಪತ್ರೆಯ ಹೆಸರು. ಹಳೆಯ ಕನ್ನಡ ಕಥೆಗಳಲ್ಲಿ ಸರ್ಕಾರಿ ದವಾಖಾನೆಗೆ ‘ಧರ್ಮಾಸ್ಪತ್ರೆ’ ಎಂಬ ಮಾತು ಸಿಗುತ್ತದೆ. ‘ಚಾರಿಟಿ’ಗೆ ಅದಕ್ಕಿಂತ ಹತ್ತಿರದ ಕನ್ನಡ ಪದ ನನಗೆ ಕಾಣುವುದಿಲ್ಲ. ನ್ಯೂ ಆರ್ಲಿಯನ್ಸ್‌ನ ಜನ ಪ್ರೀತಿಯಿಂದ ಅದನ್ನು ‘ಬಿಗ್ ಚಾರಿಟಿ’ ಎಂದರು. ಮೈಸೂರಿನವರು ಕೆ.ಆರ್. ಆಸ್ಪತ್ರೆಯನ್ನು ‘ದೊಡ್ಡಾಸ್ಪತ್ರೆ’ ಎನ್ನುವ ಹಾಗೆಯೇ ಇದು. ಬೇರೆಲ್ಲೂ ಬಾಗಿಲು ತೆರೆಯದಿದ್ದರೆ ಕೊನೆಗೆ ಹೋಗುವ ಜಾಗ ಎಂಬ ಅರ್ಥ ಎರಡರಲ್ಲೂ ಇದೆ.

ಈ ಧರ್ಮಾಸ್ಪತ್ರೆ ಶುರುವಾದದ್ದು 1736ರಲ್ಲಿ. ಆಗ ನ್ಯೂ ಆರ್ಲಿಯನ್ಸ್ ಫ್ರೆಂಚರ ವಸಾಹತು. ನಾವಿಕನಾಗಿದ್ದು ಆಮೇಲೆ ದೋಣಿ ಕಟ್ಟುವ ಕೆಲಸ ಹಿಡಿದ ಜಾನ್ ಲೂಯಿ ಎಂಬಾತ ತನ್ನ ಉಯಿಲಿನಲ್ಲಿ ಬಡವರ ಆಸ್ಪತ್ರೆಗೆಂದು ಆಸ್ತಿ ಬರೆದಿಟ್ಟು ಸತ್ತ. ಆ ಹಣದಿಂದ ಒಂದು ಮನೆಯಲ್ಲಿ ಆಸ್ಪತ್ರೆ ತೆರೆಯಿತು. ಆಮೇಲಿನ ಇತಿಹಾಸ ಬೀಳುವ, ಏಳುವ ಇತಿಹಾಸ. 1779ರ ಚಂಡಮಾರುತ ಆಸ್ಪತ್ರೆಯ ಕಟ್ಟಡವನ್ನು ನಾಶ ಮಾಡಿತು. ಆ ಹೊತ್ತಿಗೆ ಊರು ಸ್ಪೇನಿನ ಆಳ್ವಿಕೆಗೆ ಬಂದಿತ್ತು. ಅಲ್ಮೊನೆಸ್ಟರ್ ಎಂಬ ಸಿರಿವಂತ ತನ್ನ ಹಣದಿಂದ ಅದನ್ನು ಮತ್ತೆ ಕಟ್ಟಿಸಿದ. 1809ರಲ್ಲಿ ಅದು ಬೆಂಕಿಗೆ ಆಹುತಿಯಾಯಿತು. ಮತ್ತೆ ಕಟ್ಟಿದರು. 1830ರ ದಶಕದ ಕಟ್ಟಡದಲ್ಲಿ ಕ್ರೈಸ್ತ ಸಂನ್ಯಾಸಿನಿಯರು ಶುಶ್ರೂಷೆಯ ಹೊಣೆ ಹೊತ್ತರು. 1853ರಲ್ಲಿ ಹಳದಿ ಜ್ವರ ಬಂದು ಊರಿನ ಸುಮಾರು 8,000 ಜನ ಸತ್ತಾಗಲೂ ಆಸ್ಪತ್ರೆ ತೆರೆದೇ ಇತ್ತು. ನಾವು ಈಗ ಚಿತ್ರಗಳಲ್ಲಿ ನೋಡುವ 20 ಅಂತಸ್ತಿನ ಬೂದು ಬಣ್ಣದ ಕಟ್ಟಡ ಆರನೆಯದು, 1939ರಲ್ಲಿ ಮುಗಿದದ್ದು. ಸುಮಾರು 10 ಲಕ್ಷ ಚದರ ಅಡಿಯ, 2,680 ಹಾಸಿಗೆಗಳ ಆ ಆಸ್ಪತ್ರೆ ಆ ಹೊತ್ತಿಗೆ ಅಮೆರಿಕದ ಅತಿ ದೊಡ್ಡ ಆಸ್ಪತ್ರೆಗಳಲ್ಲಿ ಒಂದಾಗಿತ್ತು.

ಆ ಕಟ್ಟಡದ ಮುಖ್ಯ ಬಾಗಿಲ ಮೇಲೆ ಶಿಲ್ಪಿ ಎನ್ರಿಕೆ ಅಲ್ಫೆರೆಜ್ ಮಾಡಿದ ಲೋಹದ ಜಾಲರಿಯಿದೆ. ಲೂಯಿಸಿಯಾನಾ ರಾಜ್ಯದ ಜನ ದುಡಿಯುವ, ಆಡುವ ದೃಶ್ಯಗಳ ನಡುವೆ ಒಂದು ಬಾತುಕೋಳಿ ಹಾರುತ್ತದೆ. ಆ ರಾಜ್ಯದ ಪ್ರಬಲ ರಾಜಕಾರಣಿ ಹ್ಯೂಯಿ ಲಾಂಗ್‌ನ ಪಕ್ಷ ಸರ್ಕಾರಿ ನೌಕರರ ಸಂಬಳದಿಂದ ಪಾಲು ಮುರಿದುಕೊಳ್ಳುತ್ತಿತ್ತು. ಆ ‘ಡಿಡಕ್ಟ್’ನ ಗೇಲಿಯೇ ಈ ‘ಡಕ್’ ಎಂಬ ಕಥೆ ಊರಲ್ಲಿದೆ. ಕಥೆ ಸಣ್ಣದು. ಆದರೆ ಈ ಆಸ್ಪತ್ರೆಯ ಬಾಗಿಲಲ್ಲೇ ರಾಜಕಾರಣ ಕೂತಿತ್ತು ಎಂಬುದು ಊರಿನವರಿಗೆ ಮೊದಲಿನಿಂದ ಗೊತ್ತಿತ್ತು ಎಂದು ಅದು ಹೇಳುತ್ತದೆ.

ಇಷ್ಟು ಹೇಳಿದ್ದಕ್ಕೆ ಕಾರಣವಿದೆ. ಗಾಳಿಗೆ ಒಮ್ಮೆ ಬಿದ್ದ, ಬೆಂಕಿಗೆ ಒಮ್ಮೆ ಸುಟ್ಟ ಆಸ್ಪತ್ರೆ ಎರಡು ಸಲವೂ ಮತ್ತೆ ಎದ್ದಿತು. 2005ರ ನೀರಿನಲ್ಲಿ ಕಟ್ಟಡ ಬೀಳಲೇ ಇಲ್ಲ. ಆದರೂ ಈ ಸಲ ಆಸ್ಪತ್ರೆ ಏಳಲಿಲ್ಲ. 269 ವರ್ಷಗಳ ಸರಣಿಯನ್ನು ಚಂಡಮಾರುತವೊಂದೇ ತುಂಡರಿಸಿತು ಎನ್ನುವುದಾದರೆ 1779ಕ್ಕೆ ಉತ್ತರ ಹೇಳಬೇಕಾಗುತ್ತದೆ.

*

ಕತ್ರಿನಾ ಮತ್ತು ಆಸ್ಪತ್ರೆ ಎಂದ ಕೂಡಲೇ ಓದುಗರಿಗೆ ನೆನಪಾಗುವ ಪುಸ್ತಕ ಶೆರಿ ಫಿಂಕ್ ಅವರ ‘ಫೈವ್ ಡೇಸ್ ಅಟ್ ಮೆಮೋರಿಯಲ್’ (2013). ಅದು ಅದೇ ನಗರದ ಮೆಮೋರಿಯಲ್ ಎಂಬ ಖಾಸಗಿ ಆಸ್ಪತ್ರೆಯ ಕಥೆ. ಸ್ವತಃ ವೈದ್ಯಕೀಯ ಪದವೀಧರೆಯಾದ ಫಿಂಕ್ ಈ ವಿಷಯದ ಮೇಲೆ 2009ರಲ್ಲಿ ಬರೆದ ದೀರ್ಘ ವರದಿಗೆ ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಬಂತು. ಪುಸ್ತಕಕ್ಕೆ ನ್ಯಾಷನಲ್ ಬುಕ್ ಕ್ರಿಟಿಕ್ಸ್ ಸರ್ಕಲ್ ಪ್ರಶಸ್ತಿ ಬಂತು. 2022ರಲ್ಲಿ ಅದು ವೆಬ್ ಸರಣಿಯೂ ಆಯಿತು. ಕರೆಂಟಿಲ್ಲದ, ಬೇಗೆಯ ಕಟ್ಟಡದೊಳಗೆ ರೋಗಿಗಳನ್ನು ಮೂರು ಗುಂಪು ಮಾಡಲಾಗುತ್ತದೆ. ತೀರಾ ಕ್ಷೀಣಿಸಿದವರು ಸಾಲಿನ ಕೊನೆಗೆ ಹೋಗುತ್ತಾರೆ. ನೀರು ಇಳಿದ ಮೇಲೆ ಆ ಕಟ್ಟಡದಿಂದ 45 ಶವಗಳನ್ನು ಹೊರತೆಗೆದರು. ಕೆಲವರಿಗೆ ಸಾಯುವ ಮುನ್ನ ಕೊಟ್ಟ ಔಷಧಗಳ ಬಗ್ಗೆ ಅನುಮಾನ ಹುಟ್ಟಿ 2006ರಲ್ಲಿ ಒಬ್ಬ ವೈದ್ಯೆ, ಇಬ್ಬರು ದಾದಿಯರ ಬಂಧನವಾಯಿತು. 2007ರಲ್ಲಿ ಗ್ರ್ಯಾಂಡ್ ಜ್ಯೂರಿ ವೈದ್ಯೆಯ ಮೇಲೆ ದೋಷಾರೋಪ ಹೊರಿಸಲು ಒಪ್ಪಲಿಲ್ಲ.

ಫಿಂಕ್ ಈ ವಿಷಯವನ್ನು ನಿಭಾಯಿಸುವ ರೀತಿಯಲ್ಲಿ ಮೆಚ್ಚಲೇಬೇಕಾದ ಸಂಯಮವಿದೆ. ಯಾರನ್ನೂ ರಾಕ್ಷಸರನ್ನಾಗಿ ಮಾಡುವುದಿಲ್ಲ, ಯಾರನ್ನೂ ಸುಲಭವಾಗಿ ಬಿಟ್ಟುಬಿಡುವುದೂ ಇಲ್ಲ. ನನ್ನ ತಕರಾರು ಪುಸ್ತಕದ ಗುಣದ ಬಗ್ಗೆ ಅಲ್ಲ, ಅದರ ಚೌಕಟ್ಟಿನ ಬಗ್ಗೆ. ಶೀರ್ಷಿಕೆಯಲ್ಲೇ ಇರುವ ‘ಐದು ದಿನ’ ಒಂದು ನಾಟಕದ ಕಾಲ. ಒಂದೇ ಸ್ಥಳ, ಕೆಲವೇ ಪಾತ್ರಗಳು, ಸುತ್ತ ಏರುವ ನೀರು, ನಡುವೆ ಒಬ್ಬ ವ್ಯಕ್ತಿಯ ಧರ್ಮಸಂಕಟ. ನಾವು ಸಾಹಿತ್ಯದ ವಿದ್ಯಾರ್ಥಿಗಳು ದುರಂತ ಎಂದು ಕಲಿತದ್ದೆಲ್ಲ ಇಲ್ಲಿ ಹೊಂದಿಕೊಂಡು ಬರುತ್ತದೆ. ಪುಸ್ತಕದ ದ್ವಿತೀಯಾರ್ಧ ವರ್ಷಗಟ್ಟಲೆ ನಡೆದ ತನಿಖೆಯನ್ನು ಹಿಂಬಾಲಿಸುತ್ತದೆ. ಅಲ್ಲಿಯೂ ಪ್ರಶ್ನೆ ಆ ಐದು ದಿನಗಳಲ್ಲಿ ಯಾರು ಏನು ಮಾಡಿದರು ಎಂಬುದೇ.

ಚಾರಿಟಿ ಈ ಪುಸ್ತಕದಲ್ಲಿ ಇಲ್ಲವೆಂದಲ್ಲ. ಅದು ಹೋಲಿಕೆಗಾಗಿ ಬರುತ್ತದೆ. ಅಲ್ಲಿಯೂ ನೆಲಮಾಳಿಗೆಗೆ ನೀರು ನುಗ್ಗಿ ವಿದ್ಯುತ್ ಹೋಗಿತ್ತು. ಉಸಿರಾಟದ ಯಂತ್ರ ನಿಂತ ರೋಗಿಗಳಿಗೆ ಸಿಬ್ಬಂದಿ ಸರದಿಯಲ್ಲಿ ಕೈಯಿಂದಲೇ ಬ್ಯಾಗ್ ಒತ್ತಿ ಉಸಿರು ಕೊಟ್ಟರು. ಎದುರಿನ ಖಾಸಗಿ ಟುಲೇನ್ ಆಸ್ಪತ್ರೆಗೆ ಅದರ ಮಾಲೀಕ ಕಂಪನಿ ಹೆಲಿಕಾಪ್ಟರ್‌ಗಳನ್ನು ಗೊತ್ತುಮಾಡಿ ಕಳಿಸಿತು. ಧರ್ಮಾಸ್ಪತ್ರೆಯ ರೋಗಿಗಳು ಕಾದರು. ಕೊನೆಯವರು ಹೊರಬಂದದ್ದು ಸೆಪ್ಟೆಂಬರ್ 2ರ ಶುಕ್ರವಾರ. ಹಾಗಿದ್ದೂ ಅಲ್ಲಿ ಸತ್ತವರು ಮೆಮೋರಿಯಲ್‌ಗಿಂತ ಬಹಳ ಕಡಿಮೆ. ಸಿಬ್ಬಂದಿ ಪಾಳಿ ಬಿಡದೆ ಕೆಲಸ ಮಾಡಿದರು, ಟಾರ್ಚ್ ಬೆಳಕಿನಲ್ಲಿ ಹಾಡು, ನಗೆಯ ಕಾರ್ಯಕ್ರಮ ನಡೆಸಿ ಧೈರ್ಯ ಉಳಿಸಿಕೊಂಡರು. ಏನೂ ಇಲ್ಲದೆ ಕೆಲಸ ಮಾಡಿ ರೂಢಿಯಾದ ಸರ್ಕಾರಿ ಆಸ್ಪತ್ರೆಯ ಜನಕ್ಕೆ ಇಲ್ಲದಿರುವಿಕೆ ಹೊಸದಾಗಿರಲಿಲ್ಲ. ಸರ್ಕಾರಿ ಆಸ್ಪತ್ರೆಯ ವಾರ್ಡಿನಲ್ಲಿ ಒಂದು ರಾತ್ರಿ ಕಳೆದ ಯಾರಿಗಾದರೂ ಇದು ಅರ್ಥವಾಗುತ್ತದೆ.

ಈಗ ಎರಡೂ ಕಥೆಗಳ ಮುಂದಿನ ಭಾಗವನ್ನು ಅಕ್ಕಪಕ್ಕ ಇಡೋಣ. 45 ಶವಗಳು ಸಿಕ್ಕಿದ ಮೆಮೋರಿಯಲ್ ಮಾರಾಟವಾಗಿ, ಹೆಸರು ಬದಲಾಗಿ, ಆಸ್ಪತ್ರೆಯಾಗಿಯೇ ಮತ್ತೆ ತೆರೆಯಿತು. ರೋಗಿಗಳನ್ನು ಹೆಚ್ಚುಕಡಿಮೆ ಉಳಿಸಿಕೊಂಡ ಚಾರಿಟಿ ಮತ್ತೆ ತೆರೆಯಲಿಲ್ಲ. ಐದು ದಿನಗಳ ಚೌಕಟ್ಟಿನೊಳಗೆ ಈ ಸಂಗತಿಗೆ ಜಾಗವಿಲ್ಲ. ಒಬ್ಬ ವ್ಯಕ್ತಿಯ ಕೈಯಲ್ಲಿ ಸಿರಿಂಜಿದ್ದರೆ ಅದು ಕಥೆಯಾಗುತ್ತದೆ. ಒಂದು ಸಂಸ್ಥೆಯನ್ನು ಹತ್ತು ವರ್ಷ ಕಡತಗಳಲ್ಲಿ ಓಡಾಡಿಸಿ ಮುಚ್ಚಿದರೆ ಅದಕ್ಕೆ ನಾಯಕನಿಲ್ಲ, ಖಳನಿಲ್ಲ, ಪರಾಕಾಷ್ಠೆಯ ದೃಶ್ಯವೂ ಇಲ್ಲ. ಮೆಮೋರಿಯಲ್‌ಗೆ ಪ್ರಶಸ್ತಿ, ಸರಣಿ, ಜಗತ್ತಿನ ಓದುಗರು ಸಿಕ್ಕಿ, ಚಾರಿಟಿಗೆ ಸುಮಾರು ಒಂದು ಗಂಟೆಯ ಒಂದು ಸಾಕ್ಷ್ಯಚಿತ್ರ ಸಿಕ್ಕಿದ್ದು ಇದರಿಂದಲೇ ಎಂದು ನನಗನ್ನಿಸುತ್ತದೆ.

*

ಆ ಸಾಕ್ಷ್ಯಚಿತ್ರ ಅಲೆಕ್ಸಾಂಡರ್ ಗ್ಲಸ್ಟ್ರಾಮ್ ನಿರ್ದೇಶಿಸಿದ ‘ಬಿಗ್ ಚಾರಿಟಿ’ (2014). ನೀರು ಸುತ್ತುವರಿದಾಗ ಆಸ್ಪತ್ರೆಯೊಳಗೇ ಚಿತ್ರಿಸಿದ ತುಣುಕುಗಳು ಇದರಲ್ಲಿವೆ. ಆದರೆ ಚಿತ್ರದ ನಿಜವಾದ ಸಾಧನೆ ನೀರು ಇಳಿದ ಮೇಲೆ ಏನಾಯಿತೆಂದು ಕೇಳುವುದರಲ್ಲಿದೆ. ವೈದ್ಯರು, ದಾದಿಯರು, ಸೈನಿಕರು ಸೇರಿ ಕೆಲವೇ ವಾರಗಳಲ್ಲಿ ಕೆಳಗಿನ ಮೂರು ಅಂತಸ್ತುಗಳನ್ನು ತೊಳೆದು ಸಜ್ಜುಮಾಡಿದರು. ಅಲ್ಲಿ ಸೇನೆಯ ಕಾರ್ಯಾಚರಣೆಯ ಹೊಣೆ ಹೊತ್ತಿದ್ದ ಜನರಲ್ ರಸೆಲ್ ಆನರೆಯಂಥವರೂ ಆಸ್ಪತ್ರೆ ತೆರೆಯಲು ಯೋಗ್ಯವಾಗಿತ್ತೆಂದೇ ಹೇಳುತ್ತಾರೆ. ಆಸ್ಪತ್ರೆಯ ಆಡಳಿತ ನಡೆಸುತ್ತಿದ್ದ ಲೂಯಿಸಿಯಾನಾ ರಾಜ್ಯ ವಿಶ್ವವಿದ್ಯಾಲಯ ಮತ್ತು ರಾಜ್ಯ ಸರ್ಕಾರ ಒಪ್ಪಲಿಲ್ಲ. ಬಾಗಿಲು ಹಾಕಿಸಲಾಯಿತು. ಅದೇ ವೈದ್ಯರು ಮೊದಲು ಡೇರೆಗಳಲ್ಲಿ, ಆಮೇಲೆ ಖಾಲಿ ಬಿದ್ದಿದ್ದ ‘ಲಾರ್ಡ್ ಆ್ಯಂಡ್ ಟೇಲರ್’ ಎಂಬ ಬಟ್ಟೆಬರೆಯ ದೊಡ್ಡ ಮಳಿಗೆಯೊಳಗೆ ಗಾಯಾಳುಗಳನ್ನು ನೋಡಿದರು. ತೊಳೆದಿಟ್ಟ ಆಸ್ಪತ್ರೆ ಅತ್ತ ಬೀಗ ಹಾಕಿಕೊಂಡಿತ್ತು, ಇತ್ತ ಸೀರೆ-ಶರಟು ಮಾರುವಂಥ ಜಾಗದಲ್ಲಿ ರೋಗಿಗಳು ಮಲಗಿದ್ದರು.

ಯಾಕೆ? ಇಲ್ಲಿ ಕಥೆ ಲೆಕ್ಕಪತ್ರಕ್ಕೆ ಇಳಿಯುತ್ತದೆ. ಓದುಗರು ಬಿಟ್ಟುಹೋಗುವ ಜಾಗವೂ ಇದೇ. ವಿಪತ್ತಿನಲ್ಲಿ ಹಾಳಾದ ಸಾರ್ವಜನಿಕ ಕಟ್ಟಡಕ್ಕೆ ಹಣ ಕೊಡುವುದು ಫೆಮಾ ಎಂಬ ಕೇಂದ್ರ ಸಂಸ್ಥೆ. ಅದರ ನಿಯಮದಲ್ಲಿ ಒಂದು ಗಡಿಯಿದೆ. ದುರಸ್ತಿಯ ವೆಚ್ಚ ಹೊಸದಾಗಿ ಕಟ್ಟುವ ವೆಚ್ಚದ ಶೇ. 50 ಮೀರಿದರೆ ಪೂರ್ತಿ ಹೊಸ ಕಟ್ಟಡದ ಹಣ ಸಿಗುತ್ತದೆ. ಮೀರದಿದ್ದರೆ ದುರಸ್ತಿಯ ಹಣ ಮಾತ್ರ. ಹೊಸ ಆಸ್ಪತ್ರೆ ಬೇಕೆಂಬ ವಾದ ಕತ್ರಿನಾಕ್ಕೆ ಮೊದಲೇ ಇತ್ತು. ನೀರು ಬಂದ ಮೇಲೆ ಆ ವಾದಕ್ಕೆ ಒಂದು ದಾರಿ ತೆರೆಯಿತು. ಆ ದಾರಿಯಲ್ಲಿ ಹೋಗಬೇಕಾದರೆ ಚಾರಿಟಿ ಅರ್ಧಕ್ಕಿಂತ ಹೆಚ್ಚು ನಾಶವಾಗಿದೆ ಎಂದು ಸಾಬೀತಾಗಬೇಕು. ತೆರೆದು ನಡೆಯುತ್ತಿರುವ ಆಸ್ಪತ್ರೆಯನ್ನು ನಾಶವಾಗಿದೆ ಎನ್ನುವುದು ಕಷ್ಟ.

ಹೀಗೆ ಒಂದೇ ಕಟ್ಟಡಕ್ಕೆ ಎರಡು ವ್ಯಾಖ್ಯಾನಗಳು ಹುಟ್ಟಿದವು. ಫೆಮಾ ಮೊದಲು ಹಾನಿಯನ್ನು 2.3 ಕೋಟಿ ಡಾಲರ್ ಎಂದು ಓದಿತು, ಆಮೇಲೆ 15 ಕೋಟಿಗೆ ಏರಿತು. ರಾಜ್ಯ ಅದರ ಮೂರು ಪಟ್ಟಿಗೂ ಹೆಚ್ಚು ಕೇಳಿತು. ಈ ನಡುವೆ ಶಾಸನಸಭೆಯ ನಿರ್ಣಯದ ಮೇರೆಗೆ ಪಾರಂಪರಿಕ ಕಟ್ಟಡಗಳ ಸಂಸ್ಥೆಯೊಂದು ಆರ್‌ಎಂಜೆಎಂ ಹಿಲಿಯರ್ ಎಂಬ ವಾಸ್ತುಶಿಲ್ಪ ಸಂಸ್ಥೆಯಿಂದ ಅಧ್ಯಯನ ಮಾಡಿಸಿತು. ಕಟ್ಟಡದ ಮೈಕಟ್ಟು ಗಟ್ಟಿಯಾಗಿದೆ, ಒಳಗನ್ನು ಬಿಡಿಸಿ ಆಧುನಿಕ ಆಸ್ಪತ್ರೆ ಮಾಡಬಹುದು ಎಂದು 2008ರ ಆ ವರದಿ ಹೇಳಿತು. 2010ರ ಜನವರಿಯಲ್ಲಿ ಮಧ್ಯಸ್ಥಿಕೆ ಮಂಡಳಿ ರಾಜ್ಯದ ಪರವಾಗಿ ತೀರ್ಪು ಕೊಟ್ಟು 47.4 ಕೋಟಿ ಡಾಲರಿಗೂ ಹೆಚ್ಚು ಹಣ ಮಂಜೂರು ಮಾಡಿತು. ಆ ಕ್ಷಣದಿಂದ ‘ಪಾಳು ಬಿತ್ತು’ ಎಂಬುದು ಕಾನೂನಿನ ಸತ್ಯವಾಯಿತು. ಲೋವರ್ ಮಿಡ್‌-ಸಿಟಿ ಎಂಬ ಹಳೆಯ ಬಡಾವಣೆಯ ಇಪ್ಪತ್ತಕ್ಕೂ ಹೆಚ್ಚು ಬ್ಲಾಕ್‌ಗಳಿಂದ ಮನೆಗಳನ್ನು ತೆರವು ಮಾಡಿ ಆಸ್ಪತ್ರೆಗಳಿಗೆ ಜಾಗ ಮಾಡಿದರು. ಅವುಗಳಲ್ಲಿ ಪ್ರವಾಹ ಕಳೆದ ಮೇಲೆ ಜನ ತಾವೇ ದುರಸ್ತಿ ಮಾಡಿಕೊಂಡು ಮರಳಿದ್ದ ಮನೆಗಳೂ ಇದ್ದವು. 2015ರ ಆಗಸ್ಟ್‌ನಲ್ಲಿ, ಸುಮಾರು 110 ಕೋಟಿ ಡಾಲರ್ ವೆಚ್ಚದ ಹೊಸ ಯೂನಿವರ್ಸಿಟಿ ಮೆಡಿಕಲ್ ಸೆಂಟರ್ ತೆರೆಯಿತು.

ಕಟ್ಟಡವನ್ನು ಪಠ್ಯದಂತೆ ಓದುವ ಮಾತನ್ನು ನಾವು ತರಗತಿಗಳಲ್ಲಿ ಆಗಾಗ ಕೇಳುತ್ತೇವೆ, ಸ್ವಲ್ಪ ಹಗುರವಾಗಿಯೇ ಬಳಸುತ್ತೇವೆ. ಇಲ್ಲಿ ಓದಿಗೆ ಬೆಲೆಯಿತ್ತು. ಯಾವ ಓದು ಗೆಲ್ಲುತ್ತದೆ ಎಂಬುದರ ಮೇಲೆ ಕೋಟ್ಯಂತರ ಡಾಲರ್‌ಗಳ ಜೊತೆಗೆ ಮಧ್ಯರಾತ್ರಿ ಎದೆನೋವು ಬಂದ ವಿಮೆಯಿಲ್ಲದ ಮನುಷ್ಯ ಎಲ್ಲಿಗೆ ಹೋಗಬೇಕೆಂಬುದೂ ನಿಂತಿತ್ತು. ಮಾನಸಿಕ ಕಾಯಿಲೆಯವರ ಗತಿ ಇನ್ನೂ ಕಷ್ಟದ್ದಾಯಿತು. ಚಾರಿಟಿಯ ಮನೋರೋಗ ವಿಭಾಗ ಇಲ್ಲವಾದ ಮೇಲೆ, ಬೀದಿಯಲ್ಲಿ ಸಿಕ್ಕವರನ್ನು ಪೊಲೀಸರು ಕರೆದೊಯ್ಯಲು ಊರಲ್ಲಿ ಜೈಲಿನ ಹೊರತು ಜಾಗಗಳು ಕಡಿಮೆಯಾದವು.

*

‘ಬಿಗ್ ಚಾರಿಟಿ’ ಈ ಕಥೆಯನ್ನು ಹೇಳಿದ್ದಕ್ಕೆ ಋಣಿಯಾಗಿದ್ದರೂ ಅದರ ಒಂದು ದೌರ್ಬಲ್ಯವನ್ನು ಗುರುತಿಸಬೇಕು. ಚಿತ್ರ ಆಸ್ಪತ್ರೆಯನ್ನು ಪ್ರೀತಿಸುತ್ತದೆ, ಆ ಪ್ರೀತಿಯಲ್ಲಿ ಅದರ ಹಿಂದಿನ ದಿನಗಳು ಹೊಳಪು ಪಡೆಯುತ್ತವೆ. ಜಾನ್ ಸಾಲ್ವಾಜಿಯೊ 1992ರಲ್ಲಿ ಪ್ರಕಟಿಸಿದ ಚಾರಿಟಿಯ ಇತಿಹಾಸದ ಉಪಶೀರ್ಷಿಕೆಯಲ್ಲಿ ವೈದ್ಯರು, ರಾಜಕಾರಣ, ಬಡತನ ಮೂರೂ ಒಟ್ಟಿಗಿವೆ. ಆ ಒಟ್ಟಂದ ಚಿತ್ರದಲ್ಲಿ ಸಡಿಲವಾಗುತ್ತದೆ. 1939ರ ಆ ಭವ್ಯ ಕಟ್ಟಡದ ಎರಡು ರೆಕ್ಕೆಗಳು ಒಂದರ ಪ್ರತಿಬಿಂಬದಂತೆ ಇನ್ನೊಂದು ಇರುವುದು ಬರೀ ಅಂದಕ್ಕಲ್ಲ. ಒಂದು ಬಿಳಿಯರಿಗೆ, ಒಂದು ಕರಿಯರಿಗೆ. 1960ರ ದಶಕದ ನಾಗರಿಕ ಹಕ್ಕುಗಳ ಕಾನೂನಿನವರೆಗೆ ಈ ಧರ್ಮಾಸ್ಪತ್ರೆಯ ಧರ್ಮ ಬಣ್ಣ ನೋಡಿ ವಾರ್ಡು ಕೊಡುತ್ತಿತ್ತು. ಎರಡು ವೈದ್ಯಕೀಯ ಕಾಲೇಜುಗಳ ವಿದ್ಯಾರ್ಥಿಗಳು ಅಲ್ಲಿ ಕಲಿತರು. ಹೃದಯ ಶಸ್ತ್ರಚಿಕಿತ್ಸೆಯಲ್ಲಿ ಹೆಸರಾದ ಮೈಕೇಲ್ ಡಿಬೇಕಿಯಂಥವರೂ ಅಲ್ಲೇ ಪಳಗಿದರು. ಆದರೆ ಕಲಿಕೆಗೆ ಒದಗಿದ ದೇಹಗಳು ಬಡವರವೇ. ‘ಧರ್ಮ’ ಎಂಬ ಪದದಲ್ಲಿ ಕೊಡುವವನ ಕೈ ಮೇಲಿರುತ್ತದೆ. ಪಡೆಯುವವನ ಹಕ್ಕಿನ ಮಾತು ಬರುವುದಿಲ್ಲ. ಹಳೆಯ ಚಾರಿಟಿಯನ್ನು ಹೊಗಳುವಾಗ ಇದನ್ನು ಮರೆತರೆ, ಅದನ್ನು ಮುಚ್ಚಿದವರ ವಾದವನ್ನು ಎದುರಿಸುವ ಶಕ್ತಿಯೂ ಕುಂದುತ್ತದೆ.

ಮುಚ್ಚಿದವರ ಪರವಾಗಿಯೂ ಹೇಳಬೇಕಾದ್ದಿದೆ. ಹಳೆಯ ಕಟ್ಟಡ ಇಂದಿನ ವೈದ್ಯಕೀಯದ ಅಗತ್ಯಗಳಿಗೆ ಸಾಲದು ಎಂಬುದು ಬರೀ ನೆಪವಾಗಿರಲಿಲ್ಲ. ಬಡವರಿಗೊಂದು ಆಸ್ಪತ್ರೆ, ಉಳ್ಳವರಿಗೆ ಇನ್ನೊಂದು ಎಂಬ ಎರಡಂತಸ್ತಿನ ವ್ಯವಸ್ಥೆ ತಪ್ಪೆಂದು ಪ್ರಾಮಾಣಿಕವಾಗಿ ನಂಬಿದವರಿದ್ದರು. 2007ರಲ್ಲಿ ಬಂದ 10 ಕೋಟಿ ಡಾಲರ್‌ಗಳ ಕೇಂದ್ರ ಅನುದಾನದಿಂದ ಬಡಾವಣೆಗಳಲ್ಲಿ ಚಿಕಿತ್ಸಾಲಯಗಳ ಜಾಲ ಬೆಳೆಯಿತು. ರಕ್ತದೊತ್ತಡ, ಸಕ್ಕರೆ ಕಾಯಿಲೆಗೆ ದೊಡ್ಡಾಸ್ಪತ್ರೆಯಲ್ಲಿ ಸಾಲು ನಿಲ್ಲುತ್ತಿದ್ದವರಿಗೆ ಅದು ಅನುಕೂಲವೇ ಆಯಿತು. ನವೋಮಿ ಕ್ಲೈನ್ ‘ದಿ ಶಾಕ್ ಡಾಕ್ಟ್ರಿನ್’ (2007) ಪುಸ್ತಕದಲ್ಲಿ ಕತ್ರಿನಾ ನಂತರದ ನ್ಯೂ ಆರ್ಲಿಯನ್ಸ್ ಅನ್ನು, ಜನ ಆಘಾತದಲ್ಲಿರುವಾಗ ಸಾರ್ವಜನಿಕ ಸಂಸ್ಥೆಗಳನ್ನು ಕಳಚಿಹಾಕುವ ತಂತ್ರಕ್ಕೆ ನಿದರ್ಶನವಾಗಿ ಓದುತ್ತಾರೆ. ಆ ಓದು ಉಪಯುಕ್ತ. ಆದರೆ ಅಲ್ಲಿ ಎಲ್ಲವೂ ಒಂದೇ ಯೋಜನೆಯ ಭಾಗವಾಗಿ ಕಾಣುವುದರಿಂದ ಸಣ್ಣ ಸಣ್ಣ ಕೈಗಳು ಮರೆಯಾಗುತ್ತವೆ. ಚಾರಿಟಿಯನ್ನು ಪಾಳು ಬಿಟ್ಟವರಲ್ಲಿ ಲಾಭಕೋರರಷ್ಟೇ ಇರಲಿಲ್ಲ. ಒಳ್ಳೆಯ ಆಸ್ಪತ್ರೆ ಕಟ್ಟಬೇಕೆಂದವರಿದ್ದರು, ನಿಯಮ ಪಾಲಿಸಿದವರಿದ್ದರು, ಸಹಿ ಹಾಕಿ ಮುಂದಿನ ಮೇಜಿಗೆ ಕಳಿಸಿದವರಿದ್ದರು. ಪ್ರಕೃತಿ ಮಾಡಿತು ಎನ್ನುವ ಕಥನದಲ್ಲಿ ಯಾರೂ ಇಲ್ಲ, ಪಿತೂರಿ ಎನ್ನುವ ಕಥನದಲ್ಲಿ ಒಬ್ಬನೇ ಇದ್ದಾನೆ. ಹಲವರು ಸೇರಿ ಮಾಡಿದ್ದನ್ನು ಹಲವರು ಮಾಡಿದ್ದೆಂದೇ ಬರೆಯಬಲ್ಲ ಕಥನ ಈ ಆಸ್ಪತ್ರೆಗೆ ಇನ್ನೂ ಸಿಕ್ಕಿಲ್ಲ.

ಸಿಕ್ಕಿರುವುದು ಹೆಚ್ಚಾಗಿ ಚಿತ್ರಗಳು. ಪಾಳು ಕಟ್ಟಡಗಳಿಗೆ ನುಗ್ಗಿ ಫೋಟೊ ತೆಗೆಯುವವರಿಗೆ ಚಾರಿಟಿ ಒಂದು ತೀರ್ಥಕ್ಷೇತ್ರದಂತಾಯಿತು. ತುಕ್ಕು ಹಿಡಿದ ಮಂಚ, ಚೆಲ್ಲಾಡಿದ ಕಾಗದ, ಉದ್ದದ ಕತ್ತಲೆ ಓಣಿ. 2017ರ ಡಿಸೆಂಬರಿನಲ್ಲಿ ಆ ಕತ್ತಲೆ ಕಟ್ಟಡದ ಕಿಟಕಿಯೊಂದರಲ್ಲಿ ಕ್ರಿಸ್‌ಮಸ್ ಮರದ ದೀಪ ಕಂಡಿತೆಂಬ ಫೋಟೊ ಎಲ್ಲೆಡೆ ಹರಿದಾಡಿ, ದೆವ್ವದ ಕಥೆಗಳು ಹುಟ್ಟಿದವು. ಈ ಚಿತ್ರಗಳು ಸುಂದರವಾಗಿವೆ ಎಂಬುದೇ ಅವುಗಳ ತೊಂದರೆ. ಅವುಗಳಲ್ಲಿ ಕಾಲ ಮಾತ್ರ ಕೆಲಸ ಮಾಡುತ್ತದೆ, ಧೂಳು ತಾನಾಗಿ ಕೂರುತ್ತದೆ. ‘ಪಾಳು ಬಿತ್ತು’ ಎಂಬ ವಾಕ್ಯಕ್ಕೆ ಇದಕ್ಕಿಂತ ಒಳ್ಳೆಯ ಸಚಿತ್ರ ಪ್ರತಿ ಬೇಕಿಲ್ಲ. ‘ನಾನು ಹುಟ್ಟಿದ್ದು ಚಾರಿಟಿಯಲ್ಲಿ’ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವ ಸಾವಿರಾರು ಜನ ಆ ಊರಿನಲ್ಲಿ ಬದುಕಿರುವಾಗಲೇ ಅವರ ಹುಟ್ಟಿನ ಮನೆ ದೆವ್ವದ ಮನೆಯಾಗುವುದರಲ್ಲಿ ಒಂದು ಕ್ರೌರ್ಯವಿದೆ.

ಕನ್ನಡದ ಓದುಗರಿಗೆ ಈ ವಾದ ಹೊಸದೇನಲ್ಲ. ಶರಾವತಿ ಕೊಳ್ಳದ ಬದುಕನ್ನು ಬರೆದ ನಾ. ಡಿಸೋಜ ಅವರ ‘ಮುಳುಗಡೆ’, ‘ದ್ವೀಪ’ ಓದಿದವರಿಗೆ ನೀರು ತಾನಾಗಿ ಏರುವುದಿಲ್ಲವೆಂದು ಗೊತ್ತು. ‘ಮುಳುಗಡೆ’ ಎಂಬ ಪದವನ್ನು ನಾವು ನೆರೆಗಷ್ಟೇ ಅಲ್ಲ, ಅಣೆಕಟ್ಟೆಗೂ ಬಳಸುತ್ತೇವೆ. ಅಣೆಕಟ್ಟೆಗೆ ಬಳಸಿದಾಗ, ನೀರಿನ ಹಿಂದೆ ಒಂದು ಆದೇಶಪತ್ರ ಇರುವುದನ್ನು ಆ ಪದ ಒಳಗೊಂಡಿರುತ್ತದೆ. ಚಾರಿಟಿಗೆ ಬಂದ ನೀರು ಚಂಡಮಾರುತದ್ದೇ, ಆದೇಶಪತ್ರ ಬಂದದ್ದು ಆಮೇಲೆ. ಆದರೆ ಆಸ್ಪತ್ರೆ ಮುಳುಗಿದ್ದು ಎರಡನೆಯದರಲ್ಲಿ.

ನ್ಯೂ ಆರ್ಲಿಯನ್ಸ್‌ನ ಕೆನಾಲ್ ಸ್ಟ್ರೀಟ್‌ನಲ್ಲಿ ಚಾರಿಟಿ ಆಸ್ಪತ್ರೆಯದೇ ಒಂದು ಸ್ಮಶಾನವಿದೆ. 1848ರಲ್ಲಿ ಆಸ್ಪತ್ರೆ ಆ ಜಾಗವನ್ನು ಕೊಂಡಿತು. ದಿಕ್ಕಿಲ್ಲದೆ ಸತ್ತ ರೋಗಿಗಳನ್ನು, ಹಳದಿ ಜ್ವರಕ್ಕೆ ಬಲಿಯಾದವರನ್ನು ಅಲ್ಲಿ ಹೂಳುತ್ತಿದ್ದರು. 2008ರ ಆಗಸ್ಟ್ 29ರಂದು, ಕತ್ರಿನಾ ಬಂದು ಮೂರು ವರ್ಷ ತುಂಬಿದ ದಿನ, ಅದೇ ಸ್ಮಶಾನದಲ್ಲಿ ಸ್ಮಾರಕವೊಂದನ್ನು ಉದ್ಘಾಟಿಸಿ, ಯಾರೂ ಕೇಳಿಕೊಂಡು ಬಾರದ 80ಕ್ಕೂ ಹೆಚ್ಚು ಪ್ರವಾಹಪೀಡಿತರ ಶವಗಳನ್ನು ಇರಿಸಿದರು. ಆ ಹೊತ್ತಿಗೆ ಆಸ್ಪತ್ರೆಗೆ ಬೀಗ ಬಿದ್ದು ಮೂರು ವರ್ಷವಾಗಿತ್ತು, ಅದು ಎಷ್ಟು ನಾಶವಾಗಿದೆ ಎಂಬ ಲೆಕ್ಕ ಇನ್ನೂ ನಡೆಯುತ್ತಿತ್ತು. ಬದುಕಿರುವ ಬಡವರಿಗೆ ಮುಚ್ಚಿದ್ದ ಧರ್ಮಾಸ್ಪತ್ರೆಯ ನೆಲ ಸತ್ತ ಬಡವರಿಗೆ ಮಾತ್ರ ತೆರೆದಿತ್ತು.